ದೊಡ್ಡ ಸಿಸ್ಟರ್ ಬರೆದಿದ್ದ ಸಾಲು

ಅವರ ಬಿಳಿ ಸೀರೆಯ ಮೇಲೆ, ಮೊಣಕಾಲು ಬರುವ ಜಾಗದಲ್ಲಿ, ಧೂಳಿನ ಎರಡು ದುಂಡು ಗುರುತುಗಳು ಯಾವಾಗಲೂ ಇರುತ್ತಿದ್ದವು. ಆಸ್ಪತ್ರೆಗೆ ಯಾವ ಹೊಸ ಯಂತ್ರ ಬಂದರೂ ಅವರು ಮೊದಲು ಅದರ ಹಿಂಬದಿಗೆ ಹೋಗಿ ನೆಲಕ್ಕೆ ಮೊಣಕಾಲೂರಿ ಕೂರುತ್ತಿದ್ದರು. ಕಂಪನಿಯವರು ಮುಂದೆ ನಿಂತು ಪರದೆಯ ಮೇಲೆ ಓಡುವ ಬಣ್ಣದ ಗೆರೆಗಳನ್ನು ಡಾಕ್ಟರುಗಳಿಗೆ ತೋರಿಸುತ್ತಿದ್ದರೆ, ಇವರು ಹಿಂದೆ ಕೂತು ವೈರು, ಪ್ಲಗ್ಗು, ಫ್ಯಾನಿನ ಜಾಲರಿ, ಕೊಳವೆ ಸಿಕ್ಕಿಸುವ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಏಳುವಾಗ ಗೋಡೆ ಹಿಡಿದು ಎದ್ದು, ಸೀರೆ ಕೊಡವಿಕೊಳ್ಳದೆಯೇ ವಾರ್ಡಿಗೆ ಹೋಗಿಬಿಡುವರು. "ಮೆಷಿನ್ನಿಗೆ ಮುಖ ನೋಡಬಾರ್ದು ಕಣಮ್ಮ, ಬೆನ್ನು ನೋಡ್ಬೇಕು" ಎಂದು ನನಗೆ ಮೊದಲ ವಾರದಲ್ಲೇ ಹೇಳಿದ್ದರು.

ನಮ್ಮದು ಚಿನ್ನದ ಗಣಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆ. ಹೆಸರು ಬೇಡ. ಎಳೆ ಮಕ್ಕಳ ವಾರ್ಡನ್ನು ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸ್ ಅವರು. ಆಯಾಗಳಿಂದ ಹಿಡಿದು ಡಾಕ್ಟರುಗಳವರೆಗೆ ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್. ನಾನು ಖರೀದಿ ವಿಭಾಗದ ಗುಮಾಸ್ತೆ. ಆರೋಗ್ಯ ಇಲಾಖೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಅಪ್ಪ ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ನನಗೆ ಸಿಕ್ಕ ನೌಕರಿ ಅದು. ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಅಮ್ಮ, ಓದುತ್ತಿದ್ದ ಇಬ್ಬರು ತಂಗಿಯರು. ಸೇರಿದ ದಿನ ನನ್ನ ಅಪ್ಪನ ಹೆಸರು ಕೇಳಿ ದೊಡ್ಡ ಸಿಸ್ಟರ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ನಿಮ್ಮಪ್ಪನ ಗಾಡಿಯಲ್ಲಿ ನಾನೂ ಎಷ್ಟೋ ಸಲ ಹೋಗಿದ್ದೀನಿ, ಗುಂಡಿ ಕಂಡರೆ ಬ್ರೇಕ್ ಹಾಕುತ್ತಿದ್ದ ಒಬ್ಬನೇ ಡ್ರೈವರ್ ಅವನು ಎಂದರು.

ಅವರು ಹುಟ್ಟಿದ್ದು ಬೇತಮಂಗಲದ ಕಡೆಯ ರೈತರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಗಣಿ ಕಾರ್ಮಿಕನ ಮನೆಗೆ, ಕಂಪನಿ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲೊಂದಕ್ಕೆ. ಗಂಡನ ಎದೆಯಲ್ಲಿ ಗಣಿಯ ಧೂಳು ಕೂತಿತ್ತು. ಗಣಿ ಮುಚ್ಚಿ ಕೆಲವು ವರ್ಷಕ್ಕೆ ಗಂಡನೂ ಹೋದರು. ಮಕ್ಕಳಿರಲಿಲ್ಲ. ಕನ್ನಡದಲ್ಲಿ ಮಾತು ಶುರು ಮಾಡಿ, ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಸಮಾಧಾನ ಮಾಡುವುದು ಅವರ ಪದ್ಧತಿ. ಅವರನ್ನು ದೇವತೆ ಮಾಡಿ ಬರೆಯಲು ನನಗೆ ಇಷ್ಟವಿಲ್ಲ. ನಾಲಿಗೆ ಬಹಳ ಕೆಟ್ಟದ್ದು. ಹೆರಿಗೆ ನೋವಿನಲ್ಲಿರುವ ಹೆಂಗಸರನ್ನೂ ಗದರುತ್ತಿದ್ದರು. ಹೊಸ ನರ್ಸುಗಳು ಅವರ ಕಣ್ಣು ತಪ್ಪಿಸಿ ಅಳುತ್ತಿದ್ದರು. ಆದರೆ ಒಂದೂಕಾಲು ಕೇಜಿಯ ಕೂಸನ್ನು ಅವರು ಅಂಗೈ ಮೇಲೆ ಎತ್ತಿಕೊಂಡಾಗ ಆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಸರ್ಕಾರಿ ಆಸ್ಪತ್ರೆ ಯಂತ್ರ ಕೊಳ್ಳುವುದು ನಾವು ಅಂಗಡಿಗೆ ಹೋಗಿ ಮಿಕ್ಸಿ ತಂದ ಹಾಗಲ್ಲ. ಏನು ಬೇಕು, ಎಂಥದ್ದು ಬೇಕು, ಜೊತೆಗೆ ಏನೇನು ಕೊಡಬೇಕು ಎಂಬುದನ್ನೆಲ್ಲ ಮೊದಲು ಒಂದು ಪಟ್ಟಿ ಮಾಡಬೇಕು. ಆ ಪಟ್ಟಿಗೆ ಸಮಿತಿಯವರು ಸಹಿ ಹಾಕಬೇಕು. ಆಮೇಲೆ ಟೆಂಡರ್. ಪಟ್ಟಿಯಲ್ಲಿರುವುದನ್ನೆಲ್ಲ ಕೊಡುತ್ತೇವೆ ಎಂದವರಲ್ಲಿ ಯಾರ ಬೆಲೆ ಕಡಿಮೆಯೋ ಅವರದೇ ಯಂತ್ರ. ಒಮ್ಮೆ ಟೆಂಡರ್ ಹೊರಟ ಮೇಲೆ, ಅಯ್ಯೋ ಅದೊಂದು ಮರೆತೆವು, ಅದನ್ನೂ ಕೊಡಿ ಎಂದು ಕೇಳುವಂತಿಲ್ಲ. "ಕಾಗ್ದದಾಗೆ ಇಲ್ದಿದ್ದು ಪೆಟ್ಟಿಗೇಲೂ ಇರಲ್ಲ" ಎನ್ನುತ್ತಿದ್ದರು ದೊಡ್ಡ ಸಿಸ್ಟರ್. ಸಮಿತಿಯಲ್ಲಿ ಯಂತ್ರವನ್ನು ನಿಜವಾಗಿ ಬಳಸುವವರೊಬ್ಬರು ಇರಬೇಕೆಂಬ ನಿಯಮಕ್ಕಾಗಿ ಅವರನ್ನು ಸೇರಿಸಿದ್ದರು. ಉಳಿದವರು ಸಹಿ ಹಾಕಿ ಎದ್ದು ಹೋಗುವ ಸಭೆಯಲ್ಲಿ ಅವರೊಬ್ಬರೇ ಪ್ರಶ್ನೆ ಕೇಳುತ್ತಿದ್ದುದು.

ಒಂದು ಸಲ, ಕೂಸುಗಳನ್ನು ಬೆಚ್ಚಗಿಡುವ ಯಂತ್ರವೊಂದನ್ನು ತೋರಿಸಲು ಟೈ ಕಟ್ಟಿದ ಒಬ್ಬರು ಬೆಂಗಳೂರಿನಿಂದ ಬಂದಿದ್ದರು. ಕರೆಂಟು ಹೋದರೆ ಎರಡು ಗಂಟೆ ಬ್ಯಾಟರಿಯಲ್ಲಿ ನಡೆಯುತ್ತದೆ ಎಂದರು. ದೊಡ್ಡ ಸಿಸ್ಟರ್ ಗೋಡೆಯ ಪ್ಲಗ್ಗು ಕಿತ್ತರು. ಒಂದು ಸ್ಟೂಲು ಎಳೆದುಕೊಂಡು ಯಂತ್ರದ ಎದುರು ಕೂತು ಟೀ ತರಿಸಿಕೊಂಡರು. ಆತನಿಗೂ ಒಂದು ಲೋಟ ಕೊಡಿಸಿದರು. ಟೀ ಮುಗಿಯುವುದರೊಳಗೆ ಯಂತ್ರ ಕುಯ್ಯೆಂದು ಕೂಗಿ ಆರಿಹೋಯಿತು. ಆತ, ಇದು ಬರೀ ತೋರಿಸಲು ತಂದ ಯಂತ್ರ ಸಿಸ್ಟರ್, ಹೊಸದರಲ್ಲಿ ಹೀಗಾಗುವುದಿಲ್ಲ ಎಂದರು. ಹಾಗಾದರೆ ಹೊಸದನ್ನೇ ತನ್ನಿ, ನಾನು ಇನ್ನೊಂದು ಟೀ ಕುಡಿಯುತ್ತೇನೆ ಎಂದು ಇವರು ಎದ್ದರು. ಆ ದಿನ ನಾನು ಬಹಳ ನಕ್ಕಿದ್ದೆ.

ಉಸಿರಾಟದ ಯಂತ್ರದ ವಿಷಯ ಬಂದದ್ದು ಅದರ ಮುಂದಿನ ವರ್ಷ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಉಸಿರೆಳೆಯುವ ಶಕ್ತಿ ಇರುವುದಿಲ್ಲ. ಅಂಥ ಮಕ್ಕಳನ್ನು ಆಂಬುಲೆನ್ಸಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದು ನಮ್ಮಲ್ಲಿ ರೂಢಿ. ಇಲ್ಲೇ ಒಂದು ಯಂತ್ರವಿರಲಿ ಎಂದು ದೊಡ್ಡ ಸಿಸ್ಟರ್ ವರ್ಷಗಟ್ಟಲೆ ಕೇಳಿ ಕೇಳಿ ಕೊನೆಗೆ ಮಂಜೂರಾಯಿತು. ಆ ಯಂತ್ರಕ್ಕೆ ಎರಡು ಬೇಕು: ಒಂದು ಆಮ್ಲಜನಕ, ಇನ್ನೊಂದು ಒತ್ತಡದಲ್ಲಿ ಬರುವ ಬರೀ ಗಾಳಿ. ಎರಡನ್ನೂ ಬೆರೆಸಿ ಅದು ಕೂಸಿನ ಮೂಗಿಗೆ ಕೊಡುತ್ತದೆ. ಬರೀ ಆಮ್ಲಜನಕ ಕೊಟ್ಟರೆ ಎಳೆಗಣ್ಣು ಹಾಳಾಗುತ್ತದೆ. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಗಾಳಿಯೂ ಗೋಡೆಯೊಳಗಿನ ಪೈಪಿನಲ್ಲಿ ಬರುತ್ತದೆ. ನಮ್ಮಲ್ಲಿ ಗೋಡೆಯಿಂದ ಬರುತ್ತಿದ್ದುದು ಆಮ್ಲಜನಕ ಮಾತ್ರ. ಆದ್ದರಿಂದ ಗಾಳಿಯನ್ನು ಒತ್ತಿ ಕೊಡುವ ಕಂಪ್ರೆಸರ್ ಯಂತ್ರದ ಜೊತೆಯಲ್ಲೇ ಬರಬೇಕಿತ್ತು.

ಇದನ್ನೆಲ್ಲ ದೊಡ್ಡ ಸಿಸ್ಟರ್ ಒಂದು ಹಾಳೆಯಲ್ಲಿ ತಮ್ಮ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಸಾಲು ಸಾಲಾಗಿ ಬರೆದು ಕೊಟ್ಟಿದ್ದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವುದು ನನ್ನ ಕೆಲಸ. ನಾಲ್ಕನೇ ಸಾಲೂ ಐದನೇ ಸಾಲೂ 'ಯಂತ್ರದ ಜೊತೆಯಲ್ಲೇ' ಎಂದು ಶುರುವಾಗಿದ್ದವು. ನಾಲ್ಕರಲ್ಲಿ ಕಂಪ್ರೆಸರ್, ಐದರಲ್ಲಿ ಎಳೆ ಮೂಗಿನ ಅಳತೆಯ ಕೊಳವೆಗಳು. ನನಗೆ ಸಂಜೆಯ ರೈಲಿನ ಅವಸರವಿತ್ತು. ಮೂರನೇ ಸಾಲು ಮುಗಿಸಿದ ಕಣ್ಣು ಐದನೇ ಸಾಲಿನ 'ಯಂತ್ರದ ಜೊತೆಯಲ್ಲೇ' ಮೇಲೆ ಕೂತಿತು. ಅಷ್ಟೇ ಆದದ್ದು.

ಮರುದಿನ ಸಹಿಗೆ ಹೋದಾಗ ಅವರ ಕೈಯಲ್ಲಿ ಕೂಸಿತ್ತು. ನೀನೇ ಟೈಪ್ ಮಾಡಿದ್ದೀಯಲ್ಲ, ಎಲ್ಲಿ ಹಾಕಬೇಕು ತೋರಿಸು ಎಂದು ಒಂದು ಕೈಯಲ್ಲಿ ಸಹಿ ಹಾಕಿದರು. ಅವರು ಓದದೆ ಸಹಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಯಂತ್ರ ಬಂತು. ಅಳವಡಿಸಲು ಬಂದ ಎಂಜಿನಿಯರ್ ವಾರ್ಡಿನ ಗೋಡೆಯನ್ನೆಲ್ಲ ನೋಡಿ, ಗಾಳಿಯ ಪೈಪು ಎಲ್ಲಿ ಎಂದು ಕೇಳಿದರು. ಯಂತ್ರದ ಹಿಂದೆ ಮೊಣಕಾಲೂರಿದ್ದ ದೊಡ್ಡ ಸಿಸ್ಟರ್ ಅಲ್ಲಿಂದಲೇ, ಕಂಪ್ರೆಸರ್ ಎಲ್ಲಿ ಎಂದರು. ಆತ ಟೆಂಡರಿನ ಪ್ರತಿ ತೆಗೆದು ತೋರಿಸಿದರು. ಅದರಲ್ಲಿ ಕಂಪ್ರೆಸರ್ ಇರಲಿಲ್ಲ. ಕಂಪನಿಯದು ತಪ್ಪೆನ್ನುವಂತಿರಲಿಲ್ಲ. ಕಂಪ್ರೆಸರ್ ಒಂದಕ್ಕೇ ಮತ್ತೆ ಬೇಡಿಕೆ, ಮತ್ತೆ ಮಂಜೂರಾತಿ, ಮತ್ತೆ ಟೆಂಡರ್. ಅಲ್ಲಿಯವರೆಗೆ ಯಂತ್ರ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲೇ ವಾರ್ಡಿನ ಮೂಲೆಯಲ್ಲಿ ನಿಂತಿತು. ದೊಡ್ಡ ಸಿಸ್ಟರ್ ಪ್ರತಿ ವಾರ ನನ್ನ ಮೇಜಿನ ಹತ್ತಿರ ಬಂದು, ಫೈಲು ಎಲ್ಲಿದೆ ಎಂದು ಕೇಳಿ ಹೋಗುವರು. ಸಾಲು ಹೇಗೆ ಬಿಟ್ಟುಹೋಯಿತು ಎಂದು ಒಂದು ದಿನವೂ ಕೇಳಲಿಲ್ಲ.

ನಾಲ್ಕನೇ ತಿಂಗಳಲ್ಲಿ ಬೇತಮಂಗಲದ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಹೆರಿಗೆಗೆ ಬಂದಳು. ಚೊಚ್ಚಲು. ಎಂಟು ತಿಂಗಳಿಗೇ ಹೆತ್ತಳು. ಗಂಡು ಕೂಸು. ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಯಂತ್ರವಿದ್ದೂ ಹಾಕುವಂತಿಲ್ಲ. ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಕೂಸಿನ ಅಜ್ಜಿಯನ್ನು ಕೂರಿಸಿಕೊಂಡು ಆಂಬುಲೆನ್ಸ್ ಹೊರಟಾಗ, ಜೊತೆಗೆ ಹೋಗಬೇಕಿದ್ದ ಹೊಸ ನರ್ಸನ್ನು ಇಳಿಸಿ ದೊಡ್ಡ ಸಿಸ್ಟರ್ ತಾವೇ ಹತ್ತಿದರು. ದಾರಿಯುದ್ದಕ್ಕೂ ಪುಟ್ಟ ರಬ್ಬರ್ ಚೀಲವನ್ನು ಎರಡೇ ಬೆರಳಿನಲ್ಲಿ ಒತ್ತಿ ಒತ್ತಿ ಉಸಿರು ಕೊಟ್ಟರಂತೆ. ರೈಲ್ವೆ ಗೇಟು ಹಾಕಿತ್ತಂತೆ. ಅಲ್ಲಿ ನಿಂತಾಗಲೂ ಎಣಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ ಎಂದು ಡ್ರೈವರ್ ಆಮೇಲೆ ಹೇಳಿದ. ಕೂಸನ್ನು ಜೀವ ಸಹಿತ ತಲುಪಿಸಿದರು. ಎರಡನೇ ದಿನ ಮಧ್ಯಾಹ್ನ ಅದು ತೀರಿಕೊಂಡಿತು. ಹುಟ್ಟಿದ ಗಳಿಗೆಯಲ್ಲೇ ಯಂತ್ರಕ್ಕೆ ಹಾಕಿದ್ದರೆ ಉಳಿಯುತ್ತಿತ್ತೇನೋ ಎಂದು ಅಲ್ಲಿನ ಡಾಕ್ಟರು ಅಂದರಂತೆ. ಉಳಿಯುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ನಾನು ಮಾತ್ರ ಇಂದಿಗೂ ಆ ಲೆಕ್ಕ ಬಿಡಲಾರೆ.

ಸುದ್ದಿ ಪತ್ರಿಕೆಗೆ ಹೋಯಿತು. ಪ್ಲಾಸ್ಟಿಕ್ ಹೊದ್ದು ನಿಂತ ಯಂತ್ರದ ಚಿತ್ರ ಬಂತು. ಚಿತ್ರ ಬಂದ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ನಾನು ಫೈಲು ತೆಗೆದೆ. ಅವರ ದಪ್ಪ ಅಕ್ಷರದ ಹಾಳೆ ಅದರಲ್ಲೇ ಇತ್ತು. ನಾಲ್ಕನೇ ಸಾಲೂ ಇತ್ತು. ದಾರ ಬಿಚ್ಚಿ ಹಾಳೆಯನ್ನು ಹೊರಗೆಳೆದು, ಮಡಿಸಿ, ಊಟದ ಬ್ಯಾಗಿನಲ್ಲಿಟ್ಟುಕೊಂಡೆ. ಸಾಲು ಕಣ್ಣು ತಪ್ಪಿದ್ದು ಅರಿಯದೆ ಆದದ್ದಿರಬಹುದು. ಈ ಕೆಲಸವನ್ನು ನಾನು ತಿಳಿದೇ ಮಾಡಿದೆ.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಹೇಳಿಕೆಗಳನ್ನು ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು. ದೊಡ್ಡ ಸಿಸ್ಟರ್ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಕಂಪ್ರೆಸರ್ ಬೇಕು ಅಂತ ನೀವು ಬರೆದು ಕೊಟ್ಟಿದ್ರಾ? ಫೈಲಲ್ಲಿ ಅಂಥದ್ದೇನೂ ಇಲ್ಲ" ಎಂದರು ಅಧಿಕಾರಿ.

ನನ್ನ ಪೆನ್ನು ನಿಂತಿತು. ದೊಡ್ಡ ಸಿಸ್ಟರ್ ನನ್ನ ಕಡೆ ನೋಡಲಿಲ್ಲ.

"ಫೈಲಿನಾಗೆ ಇಲ್ದಿದ್ರೆ ಇಲ್ಲ ಸಾರ್."

"ಓದದೇ ಸಹಿ ಮಾಡಿದ್ರಾ?"

"ಔದು ಸಾರ್. ಸಹಿ ನಂದು."

ಆ ಎರಡು ಮಾತನ್ನೂ ನಾನೇ ಬರೆದುಕೊಂಡೆ. ಅಕ್ಷರ ಕೆಟ್ಟಿತು. ಅಧಿಕಾರಿ ಇನ್ನೊಂದು ಸಲ ಬರೆಯಿರಿ ಎಂದರು. ಮತ್ತೆ ಬರೆದೆ.

ಸಂಜೆ ದೊಡ್ಡ ಸಿಸ್ಟರ್ ನನ್ನ ಮೇಜಿನ ಬಳಿ ಬಂದರು. ನಿನ್ನ ಪ್ರೊಬೇಷನ್ ಮುಗಿಯಲು ಇನ್ನೆಷ್ಟು ದಿನ ಎಂದು ಕೇಳಿದರು. ಏಳು ತಿಂಗಳು ಎಂದೆ. ತಲೆಯಾಡಿಸಿದರು. "ಇನ್ಮ್ಯಾಕೆ ನೀನು ಟೈಪ್ ಮಾಡಿದ್ದನ್ನ, ಆ ಮೆಷಿನ್ ಹತ್ರ ಕೆಲ್ಸ ಮಾಡೋರ ಮುಂದೆ ಕೂತು ಗಟ್ಟಿಯಾಗಿ ಓದ್ಬೇಕು. ಒಂದು ಸಾಲೂ ಬಿಡಬಾರ್ದು. ತಿಳೀತಾ?" ಎಂದರು. ಅಷ್ಟೇ ಹೇಳಿ ಬಸ್ಸಿಗೆ ಹೋದರು.

ಅವರ ಸೇವಾ ಪುಸ್ತಕದಲ್ಲಿ ತಪ್ಪು ದಾಖಲಾಯಿತು. ಅದೇ ವರ್ಷ ಬರಬೇಕಿದ್ದ ಬಡ್ತಿ ತಪ್ಪಿತು. ಅವರಿಗಿಂತ ಹನ್ನೊಂದು ವರ್ಷ ಕಿರಿಯರೊಬ್ಬರು ಮೇಲಿನ ಹುದ್ದೆಗೆ ಬಂದರು. ಆಕೆ ವಾರ್ಡಿಗೆ ಬಂದಾಗ ದೊಡ್ಡ ಸಿಸ್ಟರ್ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಖರೀದಿ ಸಮಿತಿಯಿಂದ ದೊಡ್ಡ ಸಿಸ್ಟರನ್ನು ತೆಗೆದರು. ಹೊಸ ಯಂತ್ರಗಳು ಬಂದವು, ಹೋದವು. ಅವುಗಳ ಹಿಂದೆ ಯಾರೂ ಮೊಣಕಾಲೂರಲಿಲ್ಲ. ಒಂದು ವರ್ಷದ ಮೇಲೆ ಕಂಪ್ರೆಸರ್ ಬಂತು. ಯಂತ್ರ ನಡೆಯಿತು. ಆಮೇಲೆ ಹುಟ್ಟಿದ ಎಷ್ಟೋ ಮಕ್ಕಳು ಅದರಿಂದ ಉಳಿದಿರಬೇಕು. ದೊಡ್ಡ ಸಿಸ್ಟರ್ ಅದರ ಬಗ್ಗೆ ಒಂದು ದಿನವೂ ಸಂತೋಷದ ಮಾತಾಡಲಿಲ್ಲ. ಮೊದಲಿನ ಬೈಗುಳವೂ ಕಡಿಮೆಯಾಗಿತ್ತು. ಹೊಸ ನರ್ಸುಗಳಿಗೆ ಅದು ಹಿತವಾಗಿತ್ತು, ನನಗೆ ಭಯವಾಗುತ್ತಿತ್ತು.

ಅವರು ನಿವೃತ್ತರಾದರು. ನನ್ನ ನೌಕರಿ ಕಾಯಂ ಆಯಿತು, ತಂಗಿಯರ ಮದುವೆಯಾಯಿತು. ಹಾಳೆ ನನ್ನ ಬೀರುವಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಇತ್ತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಅವರು ಕಂಡರೆ ಒಮ್ಮೊಮ್ಮೆ ಇನ್ನೊಂದು ಬೀದಿಗೆ ತಿರುಗಿಬಿಡುತ್ತಿದ್ದೆ. ಅವರು ಅದನ್ನು ಗಮನಿಸಿರಲೇಬೇಕು.

ಹೃದಯದ ಕಾಯಿಲೆಯಿಂದ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದ ಮೇಲೆ ನಾನು ಒಂದು ಪತ್ರ ಬರೆದೆ. ತಪ್ಪು ನನ್ನದು, ಹಾಳೆ ತೆಗೆದದ್ದೂ ನಾನೇ ಎಂದು ಇಲಾಖೆಗೆ ಬರೆದ ಪತ್ರ. ಅದನ್ನೂ ಹಾಳೆಯನ್ನೂ ಹಿಡಿದು ಅವರ ಲೈನ್ ಮನೆಗೆ ಹೋದೆ. ಒಂದೇ ಕೋಣೆ, ತಗಡಿನ ಮಾಡು. ಕಿಟಕಿಯಲ್ಲಿ ಗಣಿಯ ಬೂದು ಮಣ್ಣಿನ ದಿಬ್ಬ ಕಾಣುತ್ತಿತ್ತು. ದಿಂಬಿಗೊರಗಿ ಕೂತಿದ್ದರು. ಕಾಲು ಊದಿಕೊಂಡಿದ್ದವು. ಕನ್ನಡಕ ಹಾಕಿಕೊಂಡು ಪತ್ರ ಓದಿದರು. ಹಾಳೆಯನ್ನು ಹೆಚ್ಚು ಹೊತ್ತು ನೋಡಿದರು.

"ನಾನು ಬರೆದಿದ್ನಾ ಇಲ್ವಾ ಅಂತ ನಂಗೇ ಅನುಮಾನ ಬಂದ್ಬಿಟ್ಟಿತ್ತು ಕಣಮ್ಮ" ಎಂದರು. "ಫೈಲಿನಾಗೆ ಇಲ್ಲ ಅಂದ್ರಲ್ಲ. ಬರೆದಿಲ್ವೇನೋ, ಬರೆದಂಗೆ ನಂಗೇ ಅನ್ಸಿರಬೇಕು ಅನ್ಕೊಂಡಿದ್ದೆ."

ಇಷ್ಟು ವರ್ಷವೂ ಅವರಿಗೆಲ್ಲ ಗೊತ್ತು, ಗೊತ್ತಿದ್ದೇ ನನ್ನನ್ನು ಕಾಪಾಡಿದರು ಎಂದು ನಾನು ನಂಬಿದ್ದೆ. ಆ ನಂಬಿಕೆಯಲ್ಲಿ ನನಗೊಂದು ನೆಮ್ಮದಿಯೂ ಇತ್ತು. ಅವರಿಗೆ ಮೊದಲು ಇದ್ದದ್ದು ನಾನು ಸಾಲು ಬಿಟ್ಟಿರಬಹುದೆಂಬ ಅನುಮಾನವಷ್ಟೇ. ಅದಕ್ಕಾಗಿ ನನ್ನ ಹೆಸರು ಹೇಳಲಿಲ್ಲ. ಹಾಳೆಯನ್ನು ನಾನು ತೆಗೆದದ್ದು ಗೊತ್ತಿರಲಿಲ್ಲ; ಫೈಲಿನಲ್ಲಿ ಇಲ್ಲ ಎಂದ ಮೇಲೆ ಆ ಅನುಮಾನ ತಮ್ಮ ಮೇಲೇ ತಿರುಗಿತ್ತು. ಆ ಕೂಸಿನ ಸಾವನ್ನು ಪೂರ್ತಿ ತಮ್ಮದೇ ಎಂದುಕೊಂಡು ಅವರು ಬದುಕಿದ್ದರು.

ನಾನು ಅವರ ಕಾಲು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ತಲೆಯನ್ನೂ ಸವರಲಿಲ್ಲ. ಆಮೇಲೆ ಪತ್ರವನ್ನು ನನ್ನ ಕೈಗೇ ಕೊಟ್ಟರು.

"ಇದನ್ನ ಇಲಾಖೆಗೆ ಕೊಟ್ರೆ ಕೊಡು, ಬಿಟ್ರೆ ಬಿಡು. ನಂಗೇನೂ ಆಗ್ಬೇಕಾಗಿಲ್ಲ. ಆ ಮಗಿನ ತಾಯಿಗೆ ಓಗಿ ಹೇಳು."

ಆಗಲಿ ಎಂದೆ. ಇಲಾಖೆಗೆ ಪತ್ರವನ್ನು ಅಂಚೆಗೆ ಹಾಕಿದೆ. ಅದಕ್ಕೆ ಇವತ್ತಿಗೂ ಉತ್ತರವಿಲ್ಲ. ಹಳ್ಳಿಗೆ ಮಾತ್ರ ಹೋಗಲಾಗಲಿಲ್ಲ. ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಂಡೇ ಎರಡು ತಿಂಗಳು ಕಳೆದೆ. ಅಂಥದ್ದೇ ಒಂದು ಭಾನುವಾರ ಮಧ್ಯಾಹ್ನ ಗಂಜಿ ಕುಡಿದು ಮಲಗಿದ ದೊಡ್ಡ ಸಿಸ್ಟರ್ ಮತ್ತೆ ಏಳಲಿಲ್ಲ. ಮಣ್ಣಿಗೆ ಹೋದವರು ನಾವು ಹದಿನೈದು ಇಪ್ಪತ್ತು ಜನ. ಅವರು ಎತ್ತಿಕೊಂಡ ಮಕ್ಕಳಲ್ಲಿ ಒಬ್ಬರಾದರೂ ಇದ್ದರೋ ಇಲ್ಲವೋ ತಿಳಿಯದು. ಆ ಮಕ್ಕಳಿಗೆ ಅವರ ಗುರುತು ಎಲ್ಲಿಂದ ಬರಬೇಕು.

ತಿಥಿ ಮುಗಿದ ಮೇಲೆ ನಾನು ಬೇತಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ಹಳ್ಳಿಗೆ ಆಟೋ. ಆ ತಾಯಿ ಮನೆಯ ಮುಂದೆ ಹಸು ಕಟ್ಟುವ ಜಾಗ ಬಳಿಯುತ್ತಿದ್ದಳು. ನಾನು ಯಾರೆಂದು ಹೇಳಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹಾಳೆ ಚಾಚಿದೆ. ಕೈಯೆಲ್ಲ ಸಗಣಿ, ನೀನೇ ಓದು ಎಂದಳು. ಮೊದಲಿನಿಂದ ಓದಿದೆ. ನಾಲ್ಕನೇ ಸಾಲು: "ಯಂತ್ರದ ಜೊತೆಯಲ್ಲೇ ಕಂಪ್ರೆಸರ್ ಕೊಡಬೇಕು. ನಮ್ಮ ಗೋಡೆಯಲ್ಲಿ ಗಾಳಿ ಇಲ್ಲ. ಇದು ಬಿಟ್ಟರೆ ಯಂತ್ರ ಬಂದೂ ಮಕ್ಕಳು ಸಾಯುತ್ತವೆ."

ಅವಳು ಬಳಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಆಯಮ್ಮ ಮೂರು ಸಲ ಬಂದಿದ್ರು ಇಲ್ಲಿಗೆ" ಎಂದಳು. "ಬಂದು, ತಪ್ಪು ನಂದು ಕಣಮ್ಮ, ನಾನು ಓದ್ದಂಗೆ ಸಹಿ ಆಕ್ಬಿಟ್ಟೆ ಅನ್ನೋರು. ನಾನು ಮೂರು ಸಲಾನೂ ಒಳಕ್ಕೆ ಕರೀಲಿಲ್ಲ. ಒಂದು ಲೋಟ ನೀರು ಕೊಡ್ಲಿಲ್ಲ. ಬಿಸಿಲಾಗೇ ನಿಂತಿದ್ದು ಒಂಟೋದ್ರು."

ನಾನು ಹಾಳೆ ಮಡಿಸಿದೆ.

"ಸತ್ತೋದ್ರು ಅಂತ ಯಾರೋ ಅಂದ್ರು. ಓಗ್ಲಿ ಬಿಡು ಅಂದೆ ನಾನು." ಸಗಣಿ ಬುಟ್ಟಿ ಪಕ್ಕಕ್ಕೆ ಸರಿಸಿ, "ನೀನು ಮುಂಚೇನೇ ಬಂದಿದ್ರೆ ಆ ಮಾತು ನನ್ ಬಾಯಾಗೆ ಬತ್ತಿರ್ಲಿಲ್ಲ" ಎಂದಳು.

ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಅವಳು ಕೈ ತೊಳೆದು, ಕ್ಯಾನು ಎತ್ತಿಕೊಂಡು, ನನ್ನ ಪಕ್ಕದಿಂದಲೇ ಬೀದಿಗೆ ಇಳಿದಳು. ಕೂತ್ಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ತಿರುಗಿ ಬರುವವರೆಗೂ ನಾನು ಆ ಅಂಗಳದಲ್ಲೇ ನಿಂತಿದ್ದೆ.